ಡೈನೋಸಾರ್ ಜಾಡು ಓದುವಾಗ ಎಡವಿದ ಜಾಗಗಳು

ಮೊದಲು ಈ ಚಿತ್ರ ನೋಡಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಸಿಕ್ಕ ಸುಣ್ಣಕಲ್ಲಿನ ಹಾಸು. ಮೇಲೆ ಅರ್ಧಚಂದ್ರದ ಆಕಾರದ ಗುಂಡಿಗಳು ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು ಎಂಬಂತೆ ಸಾಲಾಗಿ ಹೋಗಿವೆ. ಉದ್ದ ಕತ್ತಿನ, ನಾಲ್ಕು ಕಾಲಿನ ದೈತ್ಯ ಡೈನೋಸಾರ್ ಒಂದರ ಹೆಜ್ಜೆಗಳಿವು. ಈ ಬಗೆಯವನ್ನು ಸಾರೋಪಾಡ್ ಎನ್ನುತ್ತಾರೆ. ವಿಚಿತ್ರ ಏನೆಂದರೆ, ಇಲ್ಲಿರುವವು ಬಹುತೇಕ ಎಲ್ಲವೂ ಮುಂಗಾಲಿನ ಗುರುತುಗಳೇ. ಹಿಂಗಾಲಿನದು ಬೇಕೆಂದು ಹುಡುಕಿದರೆ ಸಿಗುವುದು ಒಂದೇ ಒಂದು, ಅದೂ ಅರ್ಧಂಬರ್ಧ, ಪ್ರಾಣಿ ದಿಕ್ಕು ಬದಲಿಸಿದ ಜಾಗದಲ್ಲಿ. ಹತ್ತಾರು ಟನ್ ತೂಗುವ ಪ್ರಾಣಿ ಹಿಂಗಾಲು ಎತ್ತಿಕೊಂಡು ಮುಂಗಾಲಿನ ಮೇಲೆ ನಡೆಯಿತೇ? ನಿಮಗೆ ಹೊಳೆದ ಉತ್ತರವನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರಿ. ಈ ಚಿತ್ರಕ್ಕೆ ಆಮೇಲೆ ವಾಪಸ್ ಬರುತ್ತೇನೆ.

ಸ್ನಾನ ಮುಗಿಸಿ ಒದ್ದೆ ಕಾಲಲ್ಲಿ ಹೊರಗೆ ಬಂದಾಗ ನೆಲದ ಮೇಲೆ ಮೂಡುವ ಹೆಜ್ಜೆ ನೋಡಿರುತ್ತೀರಿ. ಹಿಮ್ಮಡಿ, ನಡುವೆ ಬಳುಕಿದ ಕಿರಿದಾದ ಪಟ್ಟಿ, ಆಮೇಲೆ ಪಾದದ ಮುಂಭಾಗ, ಐದು ಬೆರಳು. ಗಟ್ಟಿ ನೆಲದ ಮೇಲೆ ಪಾದ ಹೇಗಿದೆಯೋ ಹಾಗೆಯೇ ಬರುತ್ತದೆ. ಅದೇ ಕಾಲನ್ನು ಮೊಣಕಾಲುದ್ದದ ಕೆಸರಿನಲ್ಲಿ ಇಟ್ಟು ತೆಗೆಯಿರಿ. ಕಾಲು ಒಳಗೆ ಹೋದ ದಾರಿ ಒಂದು, ಹೊರಗೆ ಬಂದ ದಾರಿ ಇನ್ನೊಂದು. ತೆಗೆಯುತ್ತಿದ್ದ ಹಾಗೆ ಪಕ್ಕದ ಗೋಡೆ ಕುಸಿಯುತ್ತದೆ, ಬೆರಳುಗಳ ಜಾಗ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಒಂದು ಸೀಳು. ಅದನ್ನು ನೋಡಿ ಇದು ಮನುಷ್ಯನ ಕಾಲು ಎಂದು ಹೇಳುವುದಕ್ಕೂ ಧೈರ್ಯ ಬೇಕು. ಪಾದವೂ ಅದೇ, ಮನುಷ್ಯನೂ ಅವನೇ, ಗುರುತು ಮಾತ್ರ ಬೇರೆ.

ಇವತ್ತು ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೇ. ಹೆಜ್ಜೆ ಗುರುತನ್ನು ಪಾದದ ಭಾವಚಿತ್ರ ಎಂದುಕೊಂಡವರೆಲ್ಲ ಎಲ್ಲೋ ಒಂದು ಕಡೆ ಎಡವಿದ್ದಾರೆ. ಅದು ಪಾದ, ನಡಿಗೆ, ನೆಲ ಈ ಮೂವರ ನಡುವೆ ನಡೆದ ವ್ಯವಹಾರದ ರಸೀದಿ. ರಸೀದಿಯಲ್ಲಿ ಮೂವರ ಸಹಿಯೂ ಇರುತ್ತದೆ. ಯಾವ ಸಹಿ ಯಾರದು ಎಂದು ಬಿಡಿಸಿಕೊಳ್ಳುವುದರಲ್ಲೇ ಈ ವಿದ್ಯೆಯ ಸುಖ, ಕಷ್ಟ ಎರಡೂ ಇದೆ.

ಗುರುತು ಕಲ್ಲಾಗುವುದು ಹೇಗೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆರೆಯಂಚು, ನದೀ ಬಯಲು, ಸಮುದ್ರದ ಉಬ್ಬರ ಇಳಿತ ಮುಟ್ಟುವ ದಂಡೆ, ಇಂಥ ಕಡೆ ನೆಲ ತೀರಾ ತೆಳುವೂ ಅಲ್ಲ, ತೀರಾ ಗಟ್ಟಿಯೂ ಅಲ್ಲ. ಅಲ್ಲಿ ಮೂಡಿದ ಹೆಜ್ಜೆ ಬಿಸಿಲಿಗೆ ಸ್ವಲ್ಪ ಒಣಗಬೇಕು. ಕೆಲವು ಕಡೆ ನೆಲದ ಮೇಲೆ ಬೆಳೆದ ಸೂಕ್ಷ್ಮಜೀವಿಗಳ ಲೋಳೆಯಂಥ ಚಾಪೆ ಅದನ್ನು ಹಿಡಿದಿಡುತ್ತದೆ. ಆಮೇಲೆ ಹೊಸ ಹೂಳು ಮೆಲ್ಲಗೆ ಬಂದು ಮುಚ್ಚಬೇಕು. ರಭಸವಾಗಿ ಬಂದರೆ ಗುರುತನ್ನೂ ಕೊಚ್ಚಿಕೊಂಡು ಹೋಗುತ್ತದೆ. ಬಂದ ಹೂಳು ಕೆಳಗಿನ ಮಣ್ಣಿಗಿಂತ ಬೇರೆ ಬಗೆಯದಾಗಿದ್ದರೆ ಇನ್ನೂ ಒಳ್ಳೆಯದು, ಕೋಟ್ಯಂತರ ವರ್ಷದ ಮೇಲೆ ಎರಡು ಪದರಗಳು ಸಲೀಸಾಗಿ ಬಿಟ್ಟುಕೊಳ್ಳುತ್ತವೆ. ಕೆಳಗಿನ ಪದರದಲ್ಲಿ ಗುಂಡಿ, ಮೇಲಿನ ಪದರದ ಹೊಟ್ಟೆಯಲ್ಲಿ ಅದರ ಎರಕ. ಎಷ್ಟೋ ಕಡೆ ಗುಂಡಿ ಸವೆದು ಹೋಗಿ ಎರಕ ಮಾತ್ರ ಉಳಿದಿರುತ್ತದೆ.

ಬೊಲಿವಿಯಾದ ಸೂಕ್ರೆ ನಗರದ ಹತ್ತಿರ ಕಾಲ್ ಓರ್ಕೊ ಎಂಬ ಜಾಗ ಇದೆ. ಸಿಮೆಂಟ್‌ಗಾಗಿ ಕಲ್ಲು ತೆಗೆಯುವ ಕ್ವಾರಿ. ಅಲ್ಲಿ ಕಡಿದಾಗಿ ನಿಂತ ಬಂಡೆಗೋಡೆಯ ಮೇಲೆ 5 ಸಾವಿರಕ್ಕೂ ಹೆಚ್ಚು ಹೆಜ್ಜೆಗಳಿವೆ, ಕೆಲವು ನೇರ ಮೇಲಕ್ಕೆ ಹೋಗಿವೆ. ಚಿತ್ರ ತೋರಿಸಿದಾಗಲೆಲ್ಲ ಮಕ್ಕಳು ಕೇಳುತ್ತಾರೆ: ಡೈನೋಸಾರ್‌ಗಳು ಹಲ್ಲಿಯ ಹಾಗೆ ಗೋಡೆ ಹತ್ತುತ್ತಿದ್ದವಾ? ಒಳ್ಳೆಯ ಪ್ರಶ್ನೆ. ಅವು ನಡೆದಾಗ ಅದು ಚಪ್ಪಟೆ ಕೆರೆದಂಡೆ. ಆ್ಯಂಡೀಸ್ ಪರ್ವತ ಮೇಲೇಳುವಾಗ ಕೆರೆದಂಡೆಯೂ ಜೊತೆಗೇ ಎದ್ದು ನಿಂತಿತು. ನಗಬೇಡಿ, ನೆಲವನ್ನು ಮರೆತು ಬರೀ ಹೆಜ್ಜೆ ನೋಡಿದರೆ ದೊಡ್ಡವರೂ ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದಾರೆ. ಆ ತಪ್ಪುಗಳ ಕಥೆಯೇ ಮುಂದಿನದು.

1802ರ ಸುಮಾರಿಗೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ಲೈನಿ ಮೂಡಿ ಎಂಬ ರೈತರ ಮನೆಯ ಹುಡುಗ ಹೊಲ ಉಳುವಾಗ ಒಂದು ಕಲ್ಲುಚಪ್ಪಡಿ ಎದ್ದು ಬಂತು. ಮೇಲೆ ಮೂರು ಬೆರಳಿನ ಗುರುತುಗಳು. ಮನೆಯವರು ಅದನ್ನು ಬಾಗಿಲ ಮುಂದೆ ಮೆಟ್ಟಿಲುಗಲ್ಲಾಗಿ ಹಾಕಿಕೊಂಡರು. ಊರವರು ಅದಕ್ಕೆ 'ನೋಹನ ಕಾಗೆ' ಎಂದು ಹೆಸರಿಟ್ಟರು. ಬೈಬಲಿನ ಮಹಾಪ್ರಳಯದಲ್ಲಿ ನೋಹ ಹಡಗಿನಿಂದ ಹೊರಗೆ ಬಿಟ್ಟನಲ್ಲ, ಆ ಕಾಗೆ. ಮೂವತ್ತು ವರ್ಷ ಕಳೆದ ಮೇಲೆ ಆಮ್‌ಹರ್ಸ್ಟ್ ಕಾಲೇಜಿನ ಎಡ್ವರ್ಡ್ ಹಿಚ್‌ಕಾಕ್ ಈ ಕಣಿವೆಯ ಗುರುತುಗಳ ಹಿಂದೆ ಬಿದ್ದರು. 1836ರಲ್ಲಿ ಮೊದಲ ಲೇಖನ ಬರೆದರು, ಆಮೇಲೆ ಜೀವಮಾನವನ್ನೇ ಇದಕ್ಕೆ ಕೊಟ್ಟರು. ಚಪ್ಪಡಿಗಳನ್ನು ರಾಶಿಗಟ್ಟಲೆ ಕೂಡಿಸಿದರು. ಆ ಸಂಗ್ರಹ ಇವತ್ತಿಗೂ ಅದೇ ಕಾಲೇಜಿನ ಮ್ಯೂಸಿಯಂನಲ್ಲಿದೆ. ಅವರ ತೀರ್ಮಾನ: ಇವು ದೈತ್ಯ ಹಕ್ಕಿಗಳ ಹೆಜ್ಜೆ.

ತಪ್ಪು ಎನ್ನುವ ಮುಂಚೆ ಒಂದು ಕ್ಷಣ ತಡೆಯಿರಿ. 1836ರಲ್ಲಿ ಡೈನೋಸಾರ್ ಎಂಬ ಪದವೇ ಇರಲಿಲ್ಲ. ರಿಚರ್ಡ್ ಓವೆನ್ ಆ ಹೆಸರು ಕೊಟ್ಟದ್ದು 1842ರಲ್ಲಿ. ಅಷ್ಟೇ ಅಲ್ಲ, ಆಗ ಗೊತ್ತಿದ್ದ ಕೆಲವೇ ಡೈನೋಸಾರ್‌ಗಳನ್ನು ನಾಲ್ಕು ಕಾಲಿನ ಭಾರಿ ಹಲ್ಲಿಗಳಂತೆ ಕಲ್ಪಿಸಿಕೊಂಡಿದ್ದರು. ಮೂರು ಬೆರಳು, ಎರಡು ಕಾಲು, ಹೆಜ್ಜೆಗಳೆಲ್ಲ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ. ಇದನ್ನು ನೋಡಿದವರಿಗೆ ಹಕ್ಕಿಯಲ್ಲದೆ ಇನ್ನೇನು ನೆನಪಾದೀತು? ಹಕ್ಕಿಗಳು ಡೈನೋಸಾರ್‌ಗಳ ಒಂದು ಕವಲು ಎಂದು ಇವತ್ತು ನಮಗೆ ಗೊತ್ತಿದೆ. ಹಾಗಾಗಿ ಹಿಚ್‌ಕಾಕ್ ತಪ್ಪಿದ್ದು ಹೆಸರಿನಲ್ಲಿ. ಅವರ ಕಣ್ಣು ಕಂಡದ್ದು ಸರಿಯಾಗಿಯೇ ಇತ್ತು. ನನಗಂತೂ ಈ ಮನುಷ್ಯನ ತಪ್ಪು ಎಷ್ಟೋ ಜನರ ಸರಿಗಿಂತ ಇಷ್ಟ.

ಇನ್ನೊಬ್ಬರು ಇಂಗ್ಲೆಂಡಿನ ವಿಲಿಯಂ ಬಕ್ಲಂಡ್. ವಿಜ್ಞಾನದ ಕ್ರಮದಲ್ಲಿ ಮೊಟ್ಟಮೊದಲು ಹೆಸರು ಪಡೆದ ಡೈನೋಸಾರ್ ಮೆಗಲೋಸಾರಸ್. 1824ರಲ್ಲಿ ಅದನ್ನು ಹೆಸರಿಸಿದವರು ಇವರೇ. ಆ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬರುತ್ತದೆ. ಸ್ಕಾಟ್ಲೆಂಡಿನ ಮರಳುಗಲ್ಲಿನಲ್ಲಿ ಸಿಕ್ಕ ಹೆಜ್ಜೆಗಳ ಸುದ್ದಿ ಬಂದಾಗ ಅವರು ಮಾಡಿದ್ದೇನು ಗೊತ್ತೇ? ಹಿಟ್ಟು ಕಲಸಿ ಹಾಸಿದರು, ಅದರ ಮೇಲೆ ಜೀವಂತ ಆಮೆ ಬಿಟ್ಟರು. ಆಮೆಯ ಕಾಲು ಹಿಟ್ಟಿಗೆ ಅಂಟಿಕೊಂಡು ಫಜೀತಿಯಾಯಿತು. ಹಿಟ್ಟಿಗೆ ಇನ್ನಷ್ಟು ಹಿಟ್ಟು ಸೇರಿಸಿ ಗಟ್ಟಿ ಮಾಡಿ ಮತ್ತೆ ನಡೆಸಿದರು. ಸ್ಕಾಟ್ಲೆಂಡಿನ ಆ ಗುರುತುಗಳು ಆಮೆಯವಲ್ಲ, ಡೈನೋಸಾರ್‌ಗಳಿಗಿಂತ ಹಳೆಯ ಬೇರೆ ಪ್ರಾಣಿಗಳವು ಎಂದು ಆಮೇಲೆ ತಿಳಿಯಿತು. ಆದರೆ ಹಿಟ್ಟಿನ ಹದ ಬದಲಾದರೆ ಹೆಜ್ಜೆಯೂ ಬದಲಾಗುತ್ತದೆ ಎಂಬುದನ್ನು ಬಕ್ಲಂಡ್ ತಮ್ಮ ಮೇಜಿನ ಮೇಲೆಯೇ ಕಂಡರು.

ಇದರ ಇವತ್ತಿನ ರೂಪ ಪೀಟರ್ ಫಾಲ್ಕಿಂಗ್‌ಹ್ಯಾಮ್ ಮತ್ತು ಸ್ಟೀಫನ್ ಗೇಟ್ಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗ. ಗಿನಿಕೋಳಿಯನ್ನು ಗಸಗಸೆ ಹಾಸಿನ ಮೇಲೆ ನಡೆಸಿ ಎಕ್ಸ್-ರೇ ವಿಡಿಯೋ ತೆಗೆದರು. ಗಸಗಸೆ ಯಾಕೆ? ಮರಳಿನ ಹಾಗೆ ಕಾಳುಕಾಳಾಗಿ ಸರಿಯುತ್ತದೆ, ಎಕ್ಸ್-ರೇಗೆ ಅಡ್ಡ ಬರುವುದಿಲ್ಲ. ಕಾಲು ಮೇಲಿನಿಂದ ಕಾಣದಷ್ಟು ಹೂತು ಹೋದಾಗಲೂ ಒಳಗೆ ಮೂಳೆ ಹೇಗೆ ಚಲಿಸುತ್ತದೆ ಎಂದು ನೋಡಬಹುದು. ಕೋಳಿ ಕಾಲಿಟ್ಟಾಗ ಬೆರಳು ಅಗಲಿಸುತ್ತದೆ, ತೆಗೆಯುವಾಗ ಒಟ್ಟುಗೂಡಿಸಿ ಎಳೆದುಕೊಳ್ಳುತ್ತದೆ. ಆ ಚಲನೆಯನ್ನು ಕಂಪ್ಯೂಟರಿಗೆ ಕೊಟ್ಟು ಒಂದೊಂದು ಕಾಳು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಲೆಕ್ಕ ಹಾಕಿದರು. ಮೇಲ್ಮೈಯಲ್ಲಿ ಕಾಣುವುದು ಏನೂ ಹೇಳದ ಕಲಸುಮೇಲೋಗರ. ಒಳಗಿನ ಪದರಗಳಲ್ಲಿ ಬೆರಳು ಹೋಗಿ ಬಂದ ದಾರಿ ಸ್ಪಷ್ಟ. ಅದೇ ಕಣ್ಣಿನಿಂದ ಹಿಚ್‌ಕಾಕ್ ಸಂಗ್ರಹದ ಹಳೆಯ ಚಪ್ಪಡಿಗಳನ್ನು ನೋಡಿದರೆ, ವಿಕಾರ ಎಂದು ಬದಿಗಿಟ್ಟಿದ್ದ ಗುರುತುಗಳು ಮಾತಾಡತೊಡಗುತ್ತವೆ.

ಇಲ್ಲಿ ಒಂದು ಸಣ್ಣ ಮಾತು. ಹೆಜ್ಜೆ ಗುರುತುಗಳಿಗೆ ಪ್ರತ್ಯೇಕ ಹೆಸರಿಡುವ ಪದ್ಧತಿ ಇದೆ. ಯೂಬ್ರಾಂಟಿಸ್, ಗ್ರಲೇಟರ್ ಎಂದೆಲ್ಲ ಓದಿದರೆ ಪ್ರಾಣಿಯ ಹೆಸರು ಅಂದುಕೊಳ್ಳಬೇಡಿ, ಅವು ಗುರುತಿನ ಹೆಸರು. ಗುರುತಿನ ತುದಿಯಲ್ಲಿ ಪ್ರಾಣಿ ಸತ್ತು ಬಿದ್ದಿದ್ದರಲ್ಲವೇ ಇದು ಅದರದ್ದೇ ಎಂದು ಆಣೆ ಮಾಡಿ ಹೇಳುವುದು? ಡೈನೋಸಾರ್‌ಗಳಲ್ಲಿ ಹೆಚ್ಚೆಂದರೆ ಯಾವ ಗುಂಪಿನದು ಎನ್ನಬಹುದು. ಚೂಪು ಉಗುರಿನ, ಉದ್ದಕ್ಕೆ ಸಪೂರವಾದ ಮೂರು ಬೆರಳಿದ್ದರೆ ಸಾಮಾನ್ಯವಾಗಿ ಮಾಂಸ ತಿನ್ನುವ ಗುಂಪು. ಮೊಂಡು ತುದಿಯ ದಪ್ಪ ಬೆರಳಾದರೆ ಸೊಪ್ಪು ತಿನ್ನುವ ಗುಂಪು. ಈ 'ಸಾಮಾನ್ಯವಾಗಿ' ಎಂಬ ಪದ ಎಷ್ಟು ಅನಾಹುತ ಮಾಡಬಲ್ಲದು ಎಂದು ಇನ್ನು ಸ್ವಲ್ಪ ಹೊತ್ತಿನಲ್ಲಿ ನೋಡುತ್ತೀರಿ.

ಗಟ್ಟಿಯಾಗಿ ಏನು ಹೇಳಬಹುದು ಎನ್ನುವುದನ್ನೂ ಹೇಳಬೇಕಲ್ಲ. ಹಳೆಯ ಚಿತ್ರಗಳಲ್ಲಿ ಡೈನೋಸಾರ್‌ಗಳು ಬಾಲವನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದವು, ನೆನಪಿದೆಯಾ? ಜಾಡುಗಳನ್ನು ನೋಡಿ. ಬಾಲ ಎಳೆದ ಗೀರು ಎಲ್ಲೋ ಅಪರೂಪಕ್ಕೆ ಒಂದು. ಸಾವಿರಾರು ಜಾಡುಗಳಲ್ಲಿ ಇಲ್ಲವೇ ಇಲ್ಲ. ಅಂದರೆ ಬಾಲ ಗಾಳಿಯಲ್ಲಿತ್ತು, ದೇಹದ ಮುಂಭಾರಕ್ಕೆ ತಕ್ಕಡಿಯ ಇನ್ನೊಂದು ತಟ್ಟೆಯ ಹಾಗೆ. ಎರಡನೆಯದು, ಕಾಲುಗಳ ನಡುವಿನ ಅಗಲ. ಉಡ ಅಥವಾ ಮೊಸಳೆ ಕಾಲನ್ನು ಪಕ್ಕಕ್ಕೆ ಚಾಚಿ ನಡೆಯುವಾಗ ಎಡ, ಬಲ ಹೆಜ್ಜೆಗಳು ದೂರ ದೂರ ಬೀಳುತ್ತವೆ. ಎರಡು ಕಾಲಿನ ಡೈನೋಸಾರ್‌ಗಳ ಹೆಜ್ಜೆ ಒಂದರ ಮುಂದೊಂದು, ಹಗ್ಗದ ಮೇಲೆ ನಡೆದ ಹಾಗೆ. ಕಾಲು ದೇಹದ ಅಡಿಯಲ್ಲೇ ನೇರ ಕಂಬದಂತೆ ಇತ್ತು. ಮೂಳೆಯ ಕೀಲು ನೋಡಿಯೂ ಇದನ್ನು ಹೇಳಬಹುದು, ಆದರೆ ಮೂಳೆ ಹೇಳುವುದು ಹೀಗೆ ನಡೆಯಬಹುದಿತ್ತು ಎಂದು. ಹೆಜ್ಜೆ ಹೇಳುವುದು ಹೀಗೆ ನಡೆಯಿತು ಎಂದು.

ವೇಗದ ವಿಚಾರಕ್ಕೆ ಬರೋಣ, ಎಲ್ಲರಿಗೂ ಇಷ್ಟವಾದದ್ದು. ಬ್ರಿಟಿಷ್ ಪ್ರಾಣಿವಿಜ್ಞಾನಿ ಮೆಕ್ನೀಲ್ ಅಲೆಕ್ಸಾಂಡರ್ 1976ರಲ್ಲಿ ಒಂದು ಸೂತ್ರ ಕೊಟ್ಟರು. ಮನುಷ್ಯನಿಂದ ಹಿಡಿದು ಆನೆಯವರೆಗೆ ಜೀವಂತ ಪ್ರಾಣಿಗಳ ನಡಿಗೆ ನೋಡಿ ಮಾಡಿದ್ದು. ಬೇಕಾಗಿರುವುದು ಎರಡೇ ಅಳತೆ. ಒಂದು, ಒಂದೇ ಕಾಲಿನ ಒಂದು ಹೆಜ್ಜೆಯಿಂದ ಮುಂದಿನ ಹೆಜ್ಜೆಯವರೆಗಿನ ದೂರ. ಎರಡು, ಸೊಂಟದ ಎತ್ತರ. ಸೊಂಟ ಕಲ್ಲಿನ ಮೇಲೆ ಇರುವುದಿಲ್ಲ, ಹಾಗಾಗಿ ಪಾದದ ಉದ್ದದ ನಾಲ್ಕರಷ್ಟು ಎಂದು ಅಂದಾಜು. 40 ಸೆಂಟಿಮೀಟರ್ ಪಾದ ಅಂದರೆ ಸೊಂಟ ಸುಮಾರು 1.6 ಮೀಟರ್ ಎತ್ತರದಲ್ಲಿ. ಹೆಜ್ಜೆಯಿಂದ ಹೆಜ್ಜೆಗೆ 2.4 ಮೀಟರ್ ಇದ್ದರೆ ಸೂತ್ರದ ಪ್ರಕಾರ ವೇಗ ಗಂಟೆಗೆ 7 ಕಿಲೋಮೀಟರ್. ಅದೇ ಪ್ರಾಣಿಯ ಹೆಜ್ಜೆ 5 ಮೀಟರ್‌ಗೆ ಹಿಗ್ಗಿದರೆ ಗಂಟೆಗೆ 24 ಕಿಲೋಮೀಟರ್ ಹತ್ತಿರ, ಅಂದರೆ ಓಟ. ಹೆಜ್ಜೆಯ ದೂರ ಸೊಂಟದ ಎತ್ತರದ ಎರಡರಷ್ಟು ದಾಟಿತೋ, ನಡಿಗೆ ಓಟದ ಕಡೆಗೆ ತಿರುಗಿತು ಎಂದು ಲೆಕ್ಕ.

ಅಲೆಕ್ಸಾಂಡರ್ ತಮ್ಮ ಮುಂದಿದ್ದ ಜಾಡುಗಳಿಗೆ ಸೂತ್ರ ಹಚ್ಚಿದಾಗ ಬಂದದ್ದು ಸೆಕೆಂಡಿಗೆ 1ರಿಂದ 3.6 ಮೀಟರ್. ನಾವು ವಾಕಿಂಗ್ ಹೋಗುವ ವೇಗದಿಂದ ಸಾಧಾರಣ ಓಟದವರೆಗೆ, ಅಷ್ಟೇ. ನಿರಾಸೆಯಾಯಿತೇ? ಯೋಚಿಸಿ, ನೀವು ದಿನದಲ್ಲಿ ಎಷ್ಟು ಹೊತ್ತು ಓಡುತ್ತೀರಿ? ಅದರಲ್ಲೂ ಕೆಸರಿನಲ್ಲಿ? ಜಗತ್ತಿನ ಜಾಡುಗಳಲ್ಲಿ ಬಹುಪಾಲು ನಡಿಗೆಯವೇ. ಓಟದವು ಅಪರೂಪ, ಸಿಕ್ಕಾಗ ಸುದ್ದಿಯಾಗುತ್ತವೆ. ಸ್ಪೇನಿನ ಲಾ ರಿಯೋಹಾದಲ್ಲಿ ಸಿಕ್ಕ ಎರಡು ಜಾಡುಗಳ ಬಗ್ಗೆ 2021ರಲ್ಲಿ ವರದಿ ಬಂತು. ಮಾಂಸಾಹಾರಿ ಡೈನೋಸಾರ್‌ಗಳು, ಒಂದರ ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್‌ವರೆಗೆ ಎಂದು ಅಂದಾಜಿಸಿದರು. ಆದರೆ ಸೂತ್ರ ಹುಟ್ಟಿದ್ದು ಗಟ್ಟಿ ನೆಲದ ಮೇಲೆ ನಡೆಯುವ ಪ್ರಾಣಿಗಳಿಂದ. ಇತ್ತೀಚೆಗೆ ಗಿನಿಕೋಳಿಗಳನ್ನು ಮೆತ್ತನೆಯ ಕೆಸರಿನ ಮೇಲೆ ನಡೆಸಿ ಹೋಲಿಸಿದಾಗ, ಸೂತ್ರ ಹೇಳಿದ್ದಕ್ಕಿಂತ ಅವು ನಿಧಾನವಾಗಿದ್ದುದು ಕಂಡಿತು. ಮತ್ತೆ ನೆಲದ ಸಹಿ. ನಾವು ಅದನ್ನು ಪ್ರಾಣಿಯ ಲೆಕ್ಕಕ್ಕೆ ಬರೆದುಬಿಟ್ಟಿದ್ದೆವು.

ಈಗ ಆ ಮೊದಲ ಚಿತ್ರ. ಯಾರಾದರೂ ಉತ್ತರ ಹೇಳುತ್ತೀರಾ? ಹಿಂದಿನ ಸಾಲಿನಲ್ಲಿ ಯಾರೋ ಈಜುತ್ತಿತ್ತು ಎಂದರು. ರೋಲಂಡ್ ಬರ್ಡ್ ಕೂಡ ಹಾಗೆಯೇ ಹೇಳಿದರು. ಬರ್ಡ್ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗಾಗಿ ಪಳೆಯುಳಿಕೆ ಹುಡುಕುತ್ತಿದ್ದವರು. 1940ರ ದಶಕದಲ್ಲಿ ಅವರು ಕೊಟ್ಟ ವಿವರಣೆ ಬಹಳ ಚೆನ್ನಾಗಿದೆ. ಪ್ರಾಣಿ ನೀರಿನಲ್ಲಿ ತೇಲುತ್ತಿತ್ತು, ಹಿಂಭಾಗ ಮೇಲೆದ್ದಿತ್ತು, ಮುಂಗಾಲಿನಿಂದ ತಳವನ್ನು ಒತ್ತಿ ಒತ್ತಿ ಮುಂದೆ ಹೋಯಿತು, ದೋಣಿಯವನು ಗಳ ಊರಿ ತಳ್ಳುವ ಹಾಗೆ. ತಿರುಗಬೇಕಾದಾಗ ಹಿಂಗಾಲನ್ನು ಒಮ್ಮೆ ಊರಿತು, ಅದೇ ಆ ಒಂದು ಅರೆ ಗುರುತು. ಸಾರೋಪಾಡ್‌ಗಳು ನೀರಿನಲ್ಲೇ ವಾಸವಾಗಿದ್ದವು, ಅಷ್ಟು ಭಾರ ನೆಲದ ಮೇಲೆ ಹೊರುವುದು ಸಾಧ್ಯವಿಲ್ಲ ಎಂದು ನಂಬಿದ್ದ ಕಾಲ ಬೇರೆ. ಕಥೆ ಎಲ್ಲ ಕಡೆಯಿಂದಲೂ ಕೂಡಿ ಬಂತು.

ಈಗ ಒಂದು ಕೆಲಸ ಮಾಡಿ. ಕೈಯಲ್ಲಿ ನೋಟ್‌ಬುಕ್ ಇರುವವರು ಒಂದು ಸಾಲು ಬರೆಯಿರಿ, ಕೆಲವು ಅಕ್ಷರ ಒತ್ತಿ, ಕೆಲವನ್ನು ಹಗುರವಾಗಿ. ಹಾಳೆ ತಿರುವಿ ಕೆಳಗಿನ ಖಾಲಿ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒತ್ತಿ ಬರೆದದ್ದರ ಅಚ್ಚು ಕಾಣುತ್ತದೆ, ಹಗುರವಾಗಿ ಬರೆದದ್ದು ಇಲ್ಲ. ಇನ್ನೂ ಎರಡು ಹಾಳೆ ಕೆಳಗೆ ಹೋದರೆ ಅಲ್ಲೊಂದು ಕೊಂಬು, ಇಲ್ಲೊಂದು ಸುಳಿ ಮಾತ್ರ. ಕೆಳಗಿನ ಹಾಳೆ ಮಾತ್ರ ಸಿಕ್ಕವನು 'ಈ ಮನುಷ್ಯ ಬರೀ ಕೊಂಬು ಬರೆಯುತ್ತಿದ್ದ' ಎಂದರೆ?

ಕೆಸರೂ ಹಾಗೆಯೇ ಪದರ ಪದರ. ಭಾರಿ ಪ್ರಾಣಿ ಮೇಲಿನ ಪದರದ ಮೇಲೆ ನಡೆದಾಗ ಒತ್ತಡ ಕೆಳಗಿನ ಪದರಗಳಿಗೂ ಇಳಿಯುತ್ತದೆ. ಹೀಗೆ ಕೆಳಗಿನ ಪದರದಲ್ಲಿ ಮೂಡಿದ್ದನ್ನು ಅಡಿಗುರುತು ಎನ್ನೋಣ. ಮೇಲಿನ ಪದರ ಕಾಲಾಂತರದಲ್ಲಿ ಸವೆದು ಹೋದರೆ ನಮಗೆ ಸಿಗುವುದು ಅಡಿಗುರುತು. ಸಾರೋಪಾಡ್‌ಗಳ ಹಿಂಗಾಲಿನ ಪಾದ ದೊಡ್ಡದು, ಅಗಲ. ಭಾರ ಹಂಚಿ ಹೋಗುತ್ತದೆ. ಮುಂಗಾಲಿನದು ಚಿಕ್ಕದು, ಅಷ್ಟೇ ಜಾಗದ ಮೇಲೆ ಒತ್ತಡ ಹೆಚ್ಚು. ಮುಂಗಾಲು ಒತ್ತಿ ಬರೆದ ಅಕ್ಷರ, ಹಿಂಗಾಲು ಹಗುರವಾಗಿ ಬರೆದದ್ದು. ಪ್ರಾಣಿ ನಾಲ್ಕೂ ಕಾಲಿನಲ್ಲಿ, ಸಾಧಾರಣ ನೆಲದ ಮೇಲೆ, ಸಾಧಾರಣವಾಗಿಯೇ ನಡೆದಿರಬಹುದು. ಮಾರ್ಟಿನ್ ಲಾಕ್ಲಿ ಮತ್ತು ಸಂಗಡಿಗರು 1990ರ ಸುಮಾರಿಗೆ ಈ ವಿವರಣೆ ಮುಂದಿಟ್ಟರು. ಇಂಥ ಎಲ್ಲ ಜಾಡಿಗೂ ಇದೇ ಉತ್ತರ ಎಂದು ನಾನು ಹೇಳುತ್ತಿಲ್ಲ, ಈ ಬಗ್ಗೆ ಈಗಲೂ ವಾದ ನಡೆಯುತ್ತಿದೆ. ಆದರೆ ಈಜುವ ದೈತ್ಯನನ್ನು ಕಲ್ಪಿಸುವ ಮೊದಲು ನೋಡಬೇಕಾದದ್ದು ಯಾವ ಹಾಳೆ ಕೈಗೆ ಸಿಕ್ಕಿದೆ ಎಂಬುದನ್ನು.

ಬರ್ಡ್ ಅವರ ಇನ್ನೊಂದು ಕೆಲಸವೂ ಟೆಕ್ಸಾಸಿನದೇ, ಗ್ಲೆನ್ ರೋಸ್ ಬಳಿಯ ಪಲಕ್ಸಿ ನದಿಯ ತಳದ್ದು. 1930ರ ದಶಕ, ಆರ್ಥಿಕ ಕುಸಿತದ ಕಷ್ಟಕಾಲ. ಅಲ್ಲಿನ ಕೆಲವರು ನದಿ ತಳದ ಗುರುತುಗಳನ್ನು ಕಿತ್ತು ಮಾರುತ್ತಿದ್ದರು; ಬೇಡಿಕೆ ಹೆಚ್ಚಿದಾಗ ಕೆತ್ತಿಯೂ ಮಾರಿದರು. ಅವುಗಳಲ್ಲಿ ದೈತ್ಯ ಮನುಷ್ಯನ ಹೆಜ್ಜೆಗಳೂ ಇದ್ದವು! ಅವನ್ನು ನೋಡಿಯೇ ಕುತೂಹಲಗೊಂಡು ಬರ್ಡ್ 1938ರಲ್ಲಿ ಅಲ್ಲಿಗೆ ಹೋದದ್ದು. ನದಿಯಲ್ಲೇ ಇರುವ ಉದ್ದನೆಯ 'ಮನುಷ್ಯ ಹೆಜ್ಜೆ'ಗಳ ಗುಟ್ಟು ಇನ್ನೂ ಸ್ವಾರಸ್ಯದ್ದು. ಮೂರು ಬೆರಳಿನ ಡೈನೋಸಾರ್ ಕೆಲವೊಮ್ಮೆ ಬೆರಳಿನ ಮೇಲಷ್ಟೇ ಅಲ್ಲದೆ ಹಿಮ್ಮಡಿಯನ್ನೂ ಊರಿ ನಡೆದಿದೆ. ಗುರುತು ಉದ್ದವಾಗಿದೆ. ಬೆರಳಿನ ಭಾಗಕ್ಕೆ ಹೂಳು ತುಂಬಿ ಗಟ್ಟಿಯಾಗಿ, ಕಾಣುವುದು ಉದ್ದನೆಯ ಹಿಂಭಾಗ ಮಾತ್ರ. ಬೆರಳಿಲ್ಲದ ಆ ಗುಂಡಿಯಲ್ಲಿ ಮನುಷ್ಯ ತನ್ನನ್ನೇ ಕಂಡ.

ಅದೇ ನದಿಯಲ್ಲಿ ಸಾರೋಪಾಡ್ ಒಂದರ ಜಾಡಿನ ಪಕ್ಕದಲ್ಲೇ ಮಾಂಸಾಹಾರಿಯ ಜಾಡು, ಅದು ತಿರುಗಿದ ಕಡೆ ಇದೂ ತಿರುಗಿದೆ. ಬರ್ಡ್ ಇದನ್ನು ಬೇಟೆ ಎಂದೇ ಓದಿದರು. 1940ರಲ್ಲಿ ಕಡಿದು ತೆಗೆದ ಹಾಸಿನ ಒಂದು ಭಾಗ ನ್ಯೂಯಾರ್ಕಿಗೆ, ಇನ್ನೊಂದು ಆಸ್ಟಿನ್‌ಗೆ ಹೋಯಿತು, ನಡುವಿನ ಕೆಲವು ತುಂಡುಗಳು ಕಳೆದೇ ಹೋದವು. 2014ರಲ್ಲಿ ಬರ್ಡ್ ತೆಗೆದಿದ್ದ 17 ಹಳೆಯ ಫೋಟೋಗಳಿಂದ ಇಡೀ ಜಾಡನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದರು. ಎಪ್ಪತ್ತು ವರ್ಷದ ಹಿಂದೆ ಕ್ಯಾಮೆರಾ ಹಿಡಿದವರಿಗೆ ಅದು ಮೂರು ಆಯಾಮದಲ್ಲಿ ಎದ್ದು ಬರುತ್ತದೆ ಎಂಬ ಕಲ್ಪನೆಯೂ ಇರಲಿಲ್ಲ. ಬೇಟೆಯೋ, ಒಂದೇ ದಂಡೆ ಹಿಡಿದು ಎರಡು ಬೇರೆ ಬೇರೆ ಹೊತ್ತಿನಲ್ಲಿ ನಡೆದದ್ದೋ ಎಂಬ ವಾದ ಮಾತ್ರ ಮುಗಿದಿಲ್ಲ.

ವಾದ ಎಂದರೆ ಆಸ್ಟ್ರೇಲಿಯಾದ ಲಾರ್ಕ್ ಕ್ವಾರಿ ಬಿಡುವ ಹಾಗಿಲ್ಲ. ಕ್ವೀನ್ಸ್‌ಲ್ಯಾಂಡಿನ ಈ ಜಾಗದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೆಜ್ಜೆಗಳು, ಬಹುತೇಕ ಎಲ್ಲವೂ ಕೋಳಿಯಿಂದ ಎಮು ಗಾತ್ರದ ಸಣ್ಣ ಪ್ರಾಣಿಗಳವು, ಎಲ್ಲ ಒಂದೇ ದಿಕ್ಕಿಗೆ. ಅವುಗಳ ನಡುವೆ ವಿರುದ್ಧ ದಿಕ್ಕಿನಿಂದ ಬಂದ ದೊಡ್ಡ ಮೂರು ಬೆರಳಿನ ಹೆಜ್ಜೆಗಳ ಸಾಲು. 1984ರಲ್ಲಿ ಟೋನಿ ಥಲ್ಬಾರ್ನ್ ಮತ್ತು ಮೇರಿ ವೇಡ್ ಹೇಳಿದ ಕಥೆ: ಕೆರೆಯಂಚಿನಲ್ಲಿದ್ದ ಸಣ್ಣ ಡೈನೋಸಾರ್‌ಗಳ ಹಿಂಡಿನ ಮೇಲೆ ದೊಡ್ಡ ಬೇಟೆಗಾರ ಬಂತು, ಹಿಂಡು ದಿಕ್ಕೆಟ್ಟು ಓಡಿತು. ಡೈನೋಸಾರ್‌ಗಳ ಕಾಲ್ತುಳಿತದ ದಾಖಲೆ ಎಂದು ಜಾಗ ಪ್ರಸಿದ್ಧವಾಯಿತು.

2011ರಲ್ಲಿ ಆಂಥನಿ ರೊಮಿಲಿಯೊ ಮತ್ತು ಸ್ಟೀವ್ ಸಾಲ್ಸ್‌ಬರಿ ಆ ದೊಡ್ಡ ಹೆಜ್ಜೆಗಳನ್ನು ಮತ್ತೆ ಅಳೆದರು. ಅವರ ಲೆಕ್ಕದಲ್ಲಿ ಅದು ಮಾಂಸಾಹಾರಿಯೇ ಅಲ್ಲ, ಸೊಪ್ಪು ತಿನ್ನುವ ಗುಂಪಿನದು. ನಾನು ಆಗ ಹೇಳಿದ 'ಸಾಮಾನ್ಯವಾಗಿ' ಎಂಬ ಪದ ಕೈಕೊಟ್ಟದ್ದು ಇಲ್ಲೇ. 2013ರಲ್ಲಿ ಇನ್ನೂ ಮುಂದೆ ಹೋಗಿ, ಸಣ್ಣ ಪ್ರಾಣಿಗಳ ಎಷ್ಟೋ ಗುರುತುಗಳು ಓಡಿದವಲ್ಲ, ನೀರಿನಲ್ಲಿ ತೇಲುತ್ತ ಬೆರಳ ತುದಿಯಿಂದ ತಳ ಗೀಚಿದವು, ಅದು ಹೊಳೆ ದಾಟುವ ಜಾಗ, ಎಲ್ಲವೂ ಒಂದೇ ಹೊತ್ತಿನವೂ ಅಲ್ಲ ಎಂದರು. ಥಲ್ಬಾರ್ನ್ ಒಪ್ಪಲಿಲ್ಲ. ನನ್ನ ಅಭಿಪ್ರಾಯ ಕೇಳುತ್ತೀರಾದರೆ, ಕಾಲ್ತುಳಿತದ ಕಥೆಯನ್ನು ಬಿಡಲು ಮನಸ್ಸು ಬಾರದಿರುವುದೇ ನಾವು ಅದನ್ನು ಅನುಮಾನಿಸಬೇಕಾದ ಕಾರಣ. ನಾಟಕ ಚೆನ್ನಾಗಿದೆ ಎಂಬುದು ಸಾಕ್ಷ್ಯ ಆಗುವುದಿಲ್ಲ.

ಹಾಗಂತ ಹೆಜ್ಜೆಗಳು ಬರೀ ದಾರಿ ತಪ್ಪಿಸುತ್ತವೆ ಎಂದುಕೊಂಡು ಹೋಗಬೇಡಿ. ಕೆಲವು ಸಲ ಅವು ಕೊಡುವುದನ್ನು ಮೂಳೆ ಕೊಡಲಾರದು. ಡೈನೊನಿಕಸ್‌ನಂಥ ಡೈನೋಸಾರ್‌ಗಳಿಗೆ ಎರಡನೇ ಬೆರಳಿನಲ್ಲಿ ಕುಡುಗೋಲಿನಂಥ ಉಗುರಿತ್ತು. ನಡೆಯುವಾಗ ಅದನ್ನು ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುತ್ತಿತ್ತು ಎಂದು ಮೂಳೆ ನೋಡಿ ಊಹಿಸಿದ್ದರು. ಚೀನಾದ ಶಾಂಡಾಂಗ್‌ನಲ್ಲಿ ಎರಡೇ ಬೆರಳಿನ ಜಾಡುಗಳು ಸಿಕ್ಕವು, ಉಗುರಿದ್ದ ಆ ಎರಡನೇ ಬೆರಳಿನ ಜಾಗದಲ್ಲಿ ಬುಡದ ಸಣ್ಣ ಉಬ್ಬು ಮಾತ್ರ ಒತ್ತಿದೆ. ಊಹೆ ಕಲ್ಲಿನ ಮೇಲೆ ನಿಂತಿತು. ಅಂಥ ಜಾಡುಗಳು ಅಲ್ಲಿ ಹಲವು, ಒಂದರ ಪಕ್ಕ ಒಂದು, ಒಂದೇ ದಿಕ್ಕಿಗೆ ಹೋಗಿವೆ.

ಅಮೆರಿಕದ ಯೂಟಾದ ಸೇಂಟ್ ಜಾರ್ಜ್‌ನಲ್ಲಿ ಸುಮಾರು 20 ಕೋಟಿ ವರ್ಷದ ಹಿಂದೆ ಒಂದು ಮಾಂಸಾಹಾರಿ ಕೆರೆದಂಡೆಯಲ್ಲಿ ಕೂತು ಎದ್ದುಹೋಗಿದೆ. ಹಿಮ್ಮಡಿ, ಪೃಷ್ಠದ ಗುರುತು, ಮುಂದೆ ಎರಡು ಕೈಗಳದ್ದು. ಆ ಕೈ ನೋಡಿ. ಅಂಗೈ ನೆಲಕ್ಕೆ ಊರಿಲ್ಲ. ಎರಡೂ ಅಂಗೈ ಒಂದಕ್ಕೊಂದು ಎದುರಾಗಿ, ಚಪ್ಪಾಳೆ ತಟ್ಟುವ ಮುಂಚೆ ಹಿಡಿದ ಹಾಗೆ, ಕೈಯ ಪಕ್ಕದ ಅಂಚು ಮಾತ್ರ ನೆಲ ಮುಟ್ಟಿದೆ. ಸಿನಿಮಾಗಳಲ್ಲಿ ಡೈನೋಸಾರ್‌ಗಳು ಮೊಲದ ಹಾಗೆ ಅಂಗೈ ಕೆಳಗೆ ಮಾಡಿ ಕೈ ಇಳಿಬಿಟ್ಟುಕೊಂಡಿರುತ್ತವಲ್ಲ, ಅದು ಸರಿಯಲ್ಲ ಎಂದು ಒಂದು ಪ್ರಾಣಿ ದಣಿವಾರಿಸಿಕೊಂಡ ಜಾಗ ಹೇಳುತ್ತಿದೆ. ಸ್ಪೇನಿನ ಲಾಸ್ ಹೋಯಾಸ್‌ನಲ್ಲಿ ಇನ್ನೊಂದು. ಎಡಗಾಲಿನ ಒಂದು ಬೆರಳು ಸೊಟ್ಟಗೆ ತಿರುಗಿದೆ, ಪ್ರತಿ ಎಡ ಹೆಜ್ಜೆಯಲ್ಲೂ ಹಾಗೆಯೇ. ಒಂದೇ ಹೆಜ್ಜೆಯಲ್ಲಿ ಹಾಗಿದ್ದರೆ ಕೆಸರಿನ ತಪ್ಪು ಎನ್ನಬಹುದಿತ್ತು. ನೋವಿದ್ದೋ ಹಳೆಯ ಗಾಯವೋ, ಆ ಕಾಲಿನಲ್ಲಿ ಅದು ನಡೆಯುತ್ತಲೇ ಇತ್ತು. ಅಲಾಸ್ಕಾದ ಡೆನಾಲಿಯಲ್ಲಿ ಬಾತುಕೊಕ್ಕಿನ ಡೈನೋಸಾರ್‌ಗಳ ಹೆಜ್ಜೆಗಳು ಸಣ್ಣವು, ದೊಡ್ಡವು ಎಲ್ಲ ಒಂದೇ ಹಾಸಿನಲ್ಲಿವೆ. ಅಷ್ಟು ಉತ್ತರದಲ್ಲಿ ಮರಿಗಳೂ ಹಿಂಡಿನ ಜೊತೆಗಿದ್ದವು. ಹಿಂಡು, ಗಾಯ, ಕೂರುವ ಭಂಗಿ, ಇವಕ್ಕೆಲ್ಲ ಒಂಟಿ ಗುರುತು ಸಾಲದು, ಜಾಡು ಬೇಕು.

ಕೊನೆಯದಾಗಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಡ್ಯೂವರ್ಸ್ ಫಾರ್ಮ್ ಕ್ವಾರಿ. ಜೇಡಿಮಣ್ಣು ಕೆರೆಯುತ್ತಿದ್ದ ಯಂತ್ರದ ಚಾಲಕರಿಗೆ ನೆಲದಲ್ಲಿ ಒಂದೇ ಅಂತರಕ್ಕೆ ಉಬ್ಬುಗಳು ತಾಗಿದವು. 2024ರ ಬೇಸಿಗೆಯಲ್ಲಿ ನೂರಕ್ಕೂ ಹೆಚ್ಚು ಜನ ಸೇರಿ ಅಗೆದಾಗ ಸಿಕ್ಕದ್ದು ಸುಮಾರು 200 ಹೆಜ್ಜೆಗಳು, 16.6 ಕೋಟಿ ವರ್ಷ ಹಳೆಯವು. ಐದು ಜಾಡು, ಅತಿ ಉದ್ದದ್ದು 150 ಮೀಟರ್‌ಗೂ ಹೆಚ್ಚು. ನಾಲ್ಕು ಸಾರೋಪಾಡ್‌ಗಳವು, ಒಂದು ಮೂರು ಬೆರಳಿನದು, ಮೆಗಲೋಸಾರಸ್‌ದಿರಬೇಕು ಎನ್ನುತ್ತಾರೆ. ಆಮೆಗೆ ಹಿಟ್ಟು ಕಲಸಿಕೊಟ್ಟ ಬಕ್ಲಂಡ್ ಹೆಸರಿಟ್ಟ ಅದೇ ಪ್ರಾಣಿ, ಅವರು ಪಾಠ ಹೇಳುತ್ತಿದ್ದ ಆಕ್ಸ್‌ಫರ್ಡಿನ ಆಸುಪಾಸಿನಲ್ಲೇ.

ಈ ಚಿತ್ರದ ಬಲ ಮೂಲೆಗೆ ಬನ್ನಿ. ಎರಡು ಜಾಡುಗಳು ಒಂದನ್ನೊಂದು ದಾಟುವ ಜಾಗ. ಸಾರೋಪಾಡ್‌ನ ದೊಡ್ಡ ದುಂಡು ಗುಂಡಿ, ಸುತ್ತ ಮೇಲೆದ್ದ ಕೆಸರಿನ ಏರಿ. ಮುಂದಿನ ಅಂಚಿನಲ್ಲಿ ಆ ಏರಿ ಸ್ವಲ್ಪ ಕುಸಿದಿದೆ, ಕಾಣುತ್ತಿದೆಯಾ? ಅದನ್ನು ಒತ್ತಿದ್ದು ಮೂರು ಬೆರಳಿನ ಪಾದ. ಅಂದರೆ ಸಾರೋಪಾಡ್ ಮೊದಲು ಹೋಯಿತು, ಮಾಂಸಾಹಾರಿ ಆಮೇಲೆ ಬಂತು. ಅದು ಬರುವಾಗ ಏರಿ ಇನ್ನೂ ಒತ್ತಿದರೆ ಬಗ್ಗುವಷ್ಟು ಮೆತ್ತಗಿತ್ತು, ಒಣಗಿ ಗಟ್ಟಿಯಾಗಿರಲಿಲ್ಲ.

ಬೆನ್ನಟ್ಟಿಕೊಂಡು ಹೋಗಿತ್ತಾ ಎಂದು ನೀವು ಕೇಳುತ್ತೀರೆಂದು ಗೊತ್ತಿತ್ತು. ಜಾಡುಗಳು ಒಂದರ ಹಿಂದೆ ಒಂದು ಹೋಗಿಲ್ಲ, ಅಡ್ಡ ದಾಟಿವೆ.